‘ಒ ಪಾಸಿಟಿವ್’ ಅಂದ್ರೆ ರಕ್ಷಾಕವಚವೇ? ರಕ್ತದ ಗುಂಪಿಗೂ ವೈರಸ್ಸಿಗೂ ಇರುವ ನಿಜವಾದ ಸಂಬಂಧ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇಪ್ಪತ್ತು ದಾಟಿದ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಪ್ಯಾನ್ ನಂಬರ್ ನೆನಪಿರಲಿಕ್ಕಿಲ್ಲ, ರಕ್ತದ ಗುಂಪು ಮಾತ್ರ ಬಾಯಲ್ಲೇ ಇರ್ತದೆ. ಯುವಕ ಮಂಡಲದ ವಾರ್ಷಿಕೋತ್ಸವ ಇರಲಿ, ಯಾರದ್ದೋ ಹುಟ್ಟುಹಬ್ಬ ಇರಲಿ, ಜೊತೆಗೊಂದು ರಕ್ತದಾನ ಶಿಬಿರ ಇದ್ದೇ ಇರ್ತದೆ. ‘ತುರ್ತಾಗಿ ಬಿ ನೆಗೆಟಿವ್ ಬೇಕಾಗಿದೆ’ ಎಂಬ ಮೆಸೇಜ್ ಬಾರದ ವಾಟ್ಸಾಪ್ ಗ್ರೂಪ್ ಇಲ್ಲ. ಕರಾವಳಿಯ ಒಳ್ಳೆಯ ಅಭ್ಯಾಸಗಳಲ್ಲಿ ಇದೂ ಒಂದು.

ಆದರೆ ಇದೇ ಪರಿಚಯ ಇನ್ನೊಂದು ನಂಬಿಕೆಗೂ ದಾರಿ ಮಾಡಿದೆ. ಕೋವಿಡ್ ಬಂದಾಗ, ಮಳೆಗಾಲದಲ್ಲಿ ಡೆಂಗಿ ಬಂದಾಗ, ಘಟ್ಟದ ಅಂಚಿನಲ್ಲಿ ಮಂಗ ಸತ್ತ ಸುದ್ದಿ ಬಂದಾಗ ಒಂದು ಮಾತು ಮತ್ತೆ ಮತ್ತೆ ತೇಲಿ ಬರುತ್ತದೆ: “ಒ ಪಾಸಿಟಿವ್ ಇದ್ದವರಿಗೆ ಎಂತದೂ ಆಗುದಿಲ್ಲ ಮಾರಾಯ್ರೆ. ಎ ಗುಂಪಿನವರು ಮಾತ್ರ ಹುಷಾರು.” ಜೊತೆಗೆ ಯಾವುದೋ ‘ವಿದೇಶಿ ಸಂಶೋಧನೆ’ಯ ಹೆಸರಿನ ಒಂದು ಚಾರ್ಟ್.

ಇದು ಪೂರ್ತಿ ಸುಳ್ಳಾಗಿದ್ದರೆ ಒಂದು ಸಾಲಿನಲ್ಲಿ ತಳ್ಳಿಹಾಕಬಹುದಿತ್ತು. ಆದರೆ ಇದರೊಳಗೆ ಸ್ವಲ್ಪ ನಿಜ ಇದೆ. ಕೆಲವು ವೈರಸ್‌ಗಳ ಸೋಂಕು ತಗಲುವ ಸಾಧ್ಯತೆಗೂ ರಕ್ತದ ಗುಂಪಿಗೂ ಸಂಬಂಧವಿದೆ. ಸೋಂಕು ತಗಲಿದ ಮೇಲೆ ಕಾಯಿಲೆ ಎಷ್ಟು ಗಂಭೀರವಾಗುತ್ತದೆ ಎಂಬುದಕ್ಕೂ ಗುಂಪಿಗೂ ಇರುವ ಸಂಬಂಧ ತುಂಬಾ ದುರ್ಬಲ, ಹಲವು ಕಡೆ ಸಾಬೀತೇ ಆಗಿಲ್ಲ. ಚಾರ್ಟ್ ಮಾಡುವವರು ಈ ಎರಡನ್ನೂ ಕಲಸಿ ಒಂದೇ ಮಾಡುತ್ತಾರೆ. ಹಾಗೆ ಕಲಸಿದಾಗ, ಯಾರು ಬದುಕುತ್ತಾರೆ ಯಾರು ಸಾಯುತ್ತಾರೆ ಎಂಬುದನ್ನು ನಿಜಕ್ಕೂ ನಿರ್ಧರಿಸುವ ಸಂಗತಿಗಳು ನಮ್ಮ ಕಣ್ಣಿನಿಂದ ಮರೆಯಾಗುತ್ತವೆ.

ಗುಂಪು ಅಂದರೆ ಸಕ್ಕರೆಯ ಬಾವುಟ

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಮೊದಲು ವಿವರಿಸಿದರು. ಅವರು ಕಂಡ ವ್ಯತ್ಯಾಸ ಇರುವುದು ಕೆಂಪು ರಕ್ತಕಣದ ಮೇಲ್ಮೈಯಲ್ಲಿರುವ ಸಕ್ಕರೆಯ ಸರಪಳಿಗಳಲ್ಲಿ.

ಗಂಗೊಳ್ಳಿ ಬಂದರಿನಲ್ಲಿ ಸಾಲಾಗಿ ನಿಂತ ಬೋಟುಗಳನ್ನು ನೆನಪಿಸಿಕೊಳ್ಳಿ. ಎಲ್ಲ ಬೋಟಿಗೂ ಒಂದೊಂದು ಕಂಬ ಇದೆ ಅಂದುಕೊಳ್ಳಿ. ಆ ಕಂಬದ ಹೆಸರು ‘ಎಚ್’. ಎ ಗುಂಪಿನವರ ಕಂಬದ ತುದಿಗೆ ಒಂದು ಬಗೆಯ ಸಕ್ಕರೆಯ ಬಾವುಟ, ಬಿ ಗುಂಪಿನವರದ್ದಕ್ಕೆ ಇನ್ನೊಂದು ಬಗೆಯದ್ದು. ಎಬಿ ಗುಂಪಿನವರಲ್ಲಿ ಎರಡೂ ಬಗೆಯ ಬಾವುಟಗಳಿರುತ್ತವೆ. ಒ ಗುಂಪಿನವರಲ್ಲಿ ಬಾವುಟವಿಲ್ಲ, ಬರೀ ಕಂಬ. ಈ ಬಾವುಟ ಕಟ್ಟುವ ಕಿಣ್ವವನ್ನು ತಯಾರಿಸುವ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ. ಹೆಚ್ಚಿನ ಒ ಗುಂಪಿನವರಲ್ಲಿ ಆ ಜೀನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ, ಹಾಗಾಗಿ ಕಿಣ್ವ ಕೆಲಸ ಮಾಡುವುದಿಲ್ಲ. ಪಾಸಿಟಿವ್, ನೆಗೆಟಿವ್ ಎನ್ನುವ ಆರ್‌ಎಚ್ ಲೆಕ್ಕವೇ ಬೇರೆ. ಅದು ಇನ್ನೊಂದು ಪ್ರೋಟೀನಿನ ಕಥೆ.

ಇಲ್ಲಿ ಎರಡು ವಿಷಯ ಮುಖ್ಯ. ಒಂದು, ಈ ಸಕ್ಕರೆಗಳು ರಕ್ತದಲ್ಲಿ ಮಾತ್ರ ಇರುವುದಲ್ಲ. ಕರುಳಿನ ಒಳಪದರದಲ್ಲಿ, ಶ್ವಾಸನಾಳದಲ್ಲಿ, ಹಲವರ ಜೊಲ್ಲಿನಲ್ಲೂ ಇರುತ್ತವೆ. ವೈರಸ್‌ಗಳು ದೇಹಕ್ಕೆ ನುಗ್ಗುವುದೂ ಇದೇ ಜಾಗಗಳಿಂದ. ಎರಡು, ನಮ್ಮಲ್ಲಿಲ್ಲದ ಬಾವುಟದ ವಿರುದ್ಧ ನಮ್ಮ ದೇಹ ಚಿಕ್ಕಂದಿನಿಂದಲೇ ಪ್ರತಿಕಾಯಗಳನ್ನು ಸಿದ್ಧ ಮಾಡಿಟ್ಟುಕೊಂಡಿರುತ್ತದೆ. ಒ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯ ಇರುತ್ತದೆ.

ವೈರಸ್ಸಿಗೆ ಇದರಿಂದ ಏನಾಗಬೇಕು?

ವಿಜ್ಞಾನಿಗಳು ಮುಖ್ಯವಾಗಿ ಮೂರು ದಾರಿಗಳನ್ನು ಗುರುತಿಸಿದ್ದಾರೆ.

ಮೊದಲನೆಯದು, ಸಕ್ಕರೆಯೇ ಬಾಗಿಲ ಹಿಡಿ ಆಗುವುದು. ವಾಂತಿ ಭೇದಿ ತರುವ ನೊರೊವೈರಸ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಅದು ಕರುಳಿನ ಮೇಲಿನ ಇಂಥದೇ ಸಕ್ಕರೆಗಳನ್ನು ಹಿಡಿದುಕೊಂಡು ಒಳಗೆ ಬರುತ್ತದೆ. ‘ಫಟ್2’ ಎಂಬ ಜೀನ್ ಕೆಲಸ ಮಾಡದವರ ಕರುಳಿನಲ್ಲಿ ಈ ಹಿಡಿಯೇ ಇರುವುದಿಲ್ಲ. ಯುರೋಪಿನಲ್ಲಿ ಅಂಥವರು ಸುಮಾರು ಶೇ. 20. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಬೇಕೆಂದೇ ನಾರ್ವಾಕ್ ವೈರಸ್ ಕುಡಿಸಿದರು. ಈ ಹಿಡಿ ಇಲ್ಲದವರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಸಂಬಂಧ ಅಂದರೆ ಇಷ್ಟು ಸ್ಪಷ್ಟವಾಗಿರಬೇಕು.

ಎರಡನೆಯದು ಪ್ರತಿಕಾಯದ ದಾರಿ. ಎ ಗುಂಪಿನವರ ದೇಹದಲ್ಲಿ ಬೆಳೆದ ವೈರಸ್ ಹೊರಗೆ ಬರುವಾಗ ಮೈಮೇಲೆ ಒಂದಿಷ್ಟು ಎ ಸಕ್ಕರೆಯನ್ನೂ ಹೊತ್ತು ತರಬಹುದು. ಅದು ಒ ಗುಂಪಿನವರ ಮೂಗಿಗೆ ಹೋದಾಗ, ಅಲ್ಲಿ ಕಾದಿರುವ ಎ ವಿರೋಧಿ ಪ್ರತಿಕಾಯಗಳು ಅದನ್ನು ಸ್ವಲ್ಪ ತಡೆಯಬಹುದು. 2003ರಲ್ಲಿ ಸಾರ್ಸ್ ಬಂದಾಗ ಹಾಂಕಾಂಗ್‌ನ ಆಸ್ಪತ್ರೆಯೊಂದರ ಸಿಬ್ಬಂದಿಯ ನಡುವೆ ನಡೆದ ಪುಟ್ಟ ಅಧ್ಯಯನದಲ್ಲಿ ಒ ಗುಂಪಿನವರಿಗೆ ಸೋಂಕು ತಗಲಿದ್ದು ಕಡಿಮೆ ಎಂದು ಕಂಡುಬಂತು. ಗಮನಿಸಿ, ಇದೂ ಸೋಂಕು ತಗಲುವ ಲೆಕ್ಕ. ತಗಲಿದ ಮೇಲಿನ ಕಥೆ ಬೇರೆ.

ಮೂರನೆಯದು ರಕ್ತ ಹೆಪ್ಪುಗಟ್ಟುವಿಕೆ. ರಕ್ತ ಹೆಪ್ಪುಗಟ್ಟಲು ಬೇಕಾದ ‘ವಾನ್ ವಿಲಿಬ್ರಾಂಡ್ ಅಂಶ’ ಒ ಗುಂಪಿನವರಲ್ಲಿ ಉಳಿದವರಿಗಿಂತ ಸುಮಾರು ಕಾಲು ಭಾಗ ಕಡಿಮೆ. ಕೋವಿಡ್‌ನಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ದೊಡ್ಡ ಸಮಸ್ಯೆಯಾಗಿತ್ತು. ಹಾಗಾಗಿ ಗುಂಪಿಗೂ ಗಂಭೀರತೆಗೂ ಕೊಂಡಿ ಇದ್ದರೆ ಅದು ಇಲ್ಲಿರಬಹುದು ಎಂಬ ಊಹೆ ಇದೆ. ಊಹೆಗೆ ತರ್ಕವಿದೆ. ಆದರೆ ತರ್ಕ ಇದ್ದ ಮಾತ್ರಕ್ಕೆ ರೋಗಿಗಳ ಲೆಕ್ಕದಲ್ಲಿ ಅದು ಕಾಣಲೇಬೇಕೆಂದಿಲ್ಲ.

ಕೋವಿಡ್‌ನ ಪುರಾವೆ: ದೊಡ್ಡ ಸದ್ದು, ಸಣ್ಣ ಸಂಖ್ಯೆ

2020ರ ಮಾರ್ಚ್‌ನಲ್ಲಿ ವುಹಾನ್‌ನ ಸಂಶೋಧಕರು 2,173 ರೋಗಿಗಳ ರಕ್ತದ ಗುಂಪನ್ನು ಸ್ಥಳೀಯ ಜನರ ಗುಂಪುಗಳಿಗೆ ಹೋಲಿಸಿದರು. ರೋಗಿಗಳಲ್ಲಿ ಎ ಸ್ವಲ್ಪ ಜಾಸ್ತಿ, ಒ ಸ್ವಲ್ಪ ಕಡಿಮೆ. ನಾವು ನೋಡಿದ ಚಾರ್ಟುಗಳು ಹುಟ್ಟಿದ್ದು ಇಲ್ಲಿಂದ. ಅದೇ ಜೂನ್‌ನಲ್ಲಿ ಇಟಲಿ ಮತ್ತು ಸ್ಪೇನ್‌ನ ಏಳು ಆಸ್ಪತ್ರೆಗಳ ಜೀನ್ ಅಧ್ಯಯನ ಬಂತು. ಉಸಿರಾಟ ವೈಫಲ್ಯಕ್ಕೆ ಹೋದ ರೋಗಿಗಳನ್ನು ಆರೋಗ್ಯವಂತರಿಗೆ ಹೋಲಿಸಿದಾಗ, ಎ ಗುಂಪಿನವರಲ್ಲಿ ಆಡ್ಸ್ ಶೇ. 45 ಹೆಚ್ಚು, ಒ ಗುಂಪಿನವರಲ್ಲಿ ಶೇ. 35 ಕಡಿಮೆ ಎಂದಿತು. ‘ಎ ಗುಂಪಿನವರಿಗೆ ಅಪಾಯ’ ಎಂಬ ತಲೆಬರಹ ಜಗತ್ತು ಸುತ್ತಿತು.

ಆ ಹೋಲಿಕೆಯಲ್ಲಿ ಒಂದು ತೊಡಕಿತ್ತು. ಹೋಲಿಕೆಗೆ ತೆಗೆದುಕೊಂಡವರಲ್ಲಿ ರಕ್ತದಾನಿಗಳೂ ಇದ್ದರು. ಒ ಗುಂಪಿನ ರಕ್ತಕ್ಕೆ ಬೇಡಿಕೆ ಹೆಚ್ಚು, ಹಾಗಾಗಿ ದಾನಿಗಳ ಪಟ್ಟಿಯಲ್ಲಿ ಒ ಸಹಜವಾಗಿಯೇ ಹೆಚ್ಚಿರಬಹುದು. ಅಳತೆಗೋಲೇ ಒಂದು ಕಡೆ ವಾಲಿದ್ದರೆ ಅಳತೆಯೂ ವಾಲುತ್ತದೆ.

ಮುಂದೆ ದೊಡ್ಡ ಲೆಕ್ಕಗಳು ಬಂದವು. ಅಮೆರಿಕದ ಯೂಟಾ ಮತ್ತು ಅಕ್ಕಪಕ್ಕದ ರಾಜ್ಯಗಳ ಆಸ್ಪತ್ರೆ ಜಾಲವೊಂದು 1,07,796 ಜನರ ದಾಖಲೆ ನೋಡಿ 2021ರ ಏಪ್ರಿಲ್‌ನಲ್ಲಿ ಹೇಳಿದ್ದು: ಸೋಂಕಿಗೂ ಸಂಬಂಧ ಕಾಣುತ್ತಿಲ್ಲ, ಆಸ್ಪತ್ರೆ ಸೇರುವುದಕ್ಕೂ ಇಲ್ಲ, ಐಸಿಯುಗೂ ಇಲ್ಲ. ಅದೇ ವರ್ಷ ಜುಲೈನಲ್ಲಿ 19 ದೇಶಗಳ 49,562 ರೋಗಿಗಳ ಜೀನ್ ಮಾಹಿತಿಯನ್ನು ಒಟ್ಟುಗೂಡಿಸಿದ ಅಂತಾರಾಷ್ಟ್ರೀಯ ತಂಡ ಹೆಚ್ಚು ಸ್ಪಷ್ಟ ಉತ್ತರ ಕೊಟ್ಟಿತು. ರಕ್ತದ ಗುಂಪಿನ ಜೀನ್‌ಗೆ ಸೋಂಕು ತಗಲುವ ಸಾಧ್ಯತೆಯ ಜೊತೆ ಸಂಬಂಧವಿದೆ, ಆದರೆ ಕಾಯಿಲೆಯ ಗಂಭೀರತೆಯ ಜೊತೆ ಅಂಥ ಗುರುತು ಕಾಣುತ್ತಿಲ್ಲ. ಸೋಂಕಿನ ವಿಷಯದಲ್ಲೂ ಒ ಗುಂಪಿನ ಅನುಕೂಲ ಸುಮಾರು ಶೇ. 10 ಮಾತ್ರ.

ಇದಕ್ಕೆ ವಿರುದ್ಧವಾದ ಅಧ್ಯಯನಗಳೂ ಇವೆ. ಕೆನಡಾದ ವ್ಯಾಂಕೋವರ್‌ನಲ್ಲಿ ಐಸಿಯು ಸೇರಿದ್ದ 95 ರೋಗಿಗಳನ್ನು ನೋಡಿದಾಗ ಎ ಮತ್ತು ಎಬಿ ಗುಂಪಿನವರಿಗೆ ವೆಂಟಿಲೇಟರ್ ಹೆಚ್ಚು ಬೇಕಾಯಿತು. ಆದರೆ 95 ಜನರ ಲೆಕ್ಕದಲ್ಲಿ ಕೆಲವೇ ರೋಗಿಗಳು ಆಚೀಚೆ ಆದರೂ ಶೇಕಡಾವಾರು ಬದಲಾಗಿಬಿಡುತ್ತದೆ. ಸಾವಿರಾರು ಜನರಲ್ಲಿ ಕಾಣದ್ದು ನೂರು ಜನರಲ್ಲಿ ಕಂಡರೆ ಅದನ್ನು ಸಿಗ್ನಲ್ ಅನ್ನುವ ಮೊದಲು ನಾಯ್ಸ್ ಇರಬಹುದಾ ಅಂತ ಕೇಳಬೇಕು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕಲಿಸುವ ಮೊದಲ ಪಾಠವೇ ಇದು.

ಇನ್ನೊಂದು ಕುತೂಹಲದ ಸಂಗತಿ. ಆ ಇಟಲಿ–ಸ್ಪೇನ್ ಅಧ್ಯಯನದಲ್ಲೇ 3ನೇ ಕ್ರೋಮೋಸೋಮಿನಲ್ಲಿ ಇನ್ನೊಂದು ಗುರುತು ಸಿಕ್ಕಿತ್ತು, ಅದು ರಕ್ತದ ಗುಂಪಿನ ಗುರುತಿಗಿಂತ ಬಲವಾದದ್ದು. ಗಂಭೀರತೆಯ ಜೊತೆ ನಿಜವಾಗಿ ಗಟ್ಟಿ ಸಂಬಂಧ ಕಂಡದ್ದು ಅದಕ್ಕೆ. ಆ ತುಣುಕು ಮನುಷ್ಯರಿಗೆ ನಿಯಾಂಡರ್ತಾಲ್ ಪೂರ್ವಜರಿಂದ ಬಂದದ್ದು ಎಂದು 2020ರಲ್ಲಿ ಹ್ಯೂಗೊ ಝೆಬೆರ್ಗ್ ಮತ್ತು ಸ್ವಾಂಟೆ ಪಾಬೊ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರು ಅದನ್ನು ಹೊತ್ತಿದ್ದಾರೆ, ಯುರೋಪಿನಲ್ಲಿ ಸುಮಾರು ಶೇ. 16. ಆದರೆ ಅದು ನಮ್ಮ ಡ್ರೈವಿಂಗ್ ಲೈಸೆನ್ಸಿನ ಮೇಲೆ ಅಚ್ಚಾಗಿಲ್ಲ. ರಕ್ತದ ಗುಂಪು ಅಚ್ಚಾಗಿದೆ. ನಮಗೆ ಗೊತ್ತಿರುವ ಸಂಖ್ಯೆಯೇ ಮುಖ್ಯವಾದ ಸಂಖ್ಯೆ ಅಂದುಕೊಳ್ಳುವುದು ಮನುಷ್ಯ ಸಹಜ.

ಶೇ. 10 ಎಲ್ಲಿ, 140 ಪಟ್ಟು ಎಲ್ಲಿ

ಲಸಿಕೆ ಬರುವ ಮೊದಲಿನ ಕೋವಿಡ್ ಸಾವಿನ ಲೆಕ್ಕವನ್ನು ವಯಸ್ಸಿನ ಪ್ರಕಾರ ಒಟ್ಟುಗೂಡಿಸಿದ ಒಂದು ಪ್ರಸಿದ್ಧ ವಿಶ್ಲೇಷಣೆ 2020ರ ಕೊನೆಯಲ್ಲಿ ಪ್ರಕಟವಾಯಿತು. ಸೋಂಕಿತರಲ್ಲಿ ಸಾಯುವವರ ಪ್ರಮಾಣ 25ರ ವಯಸ್ಸಿನಲ್ಲಿ ಶೇ. 0.01. 55ರಲ್ಲಿ ಶೇ. 0.4. 65ರಲ್ಲಿ ಶೇ. 1.4. 75ರಲ್ಲಿ ಶೇ. 4.6. ಅಂದರೆ 25ರವರಿಗೂ 65ರವರಿಗೂ 140 ಪಟ್ಟು ವ್ಯತ್ಯಾಸ.

ಈಗ ಒಂದೇ ಮನೆಯನ್ನು ಊಹಿಸಿಕೊಳ್ಳಿ. ಮಗನಿಗೆ 25, ಎ ಗುಂಪು. ಅಜ್ಜಿಗೆ 75, ಒ ಗುಂಪು. ಚಾರ್ಟ್ ನೋಡಿದವರು ‘ಮಗ ಹುಷಾರಾಗಿರಲಿ, ಅಜ್ಜಿಗೆ ತೊಂದರೆ ಇಲ್ಲ’ ಎನ್ನುತ್ತಾರೆ. ಲೆಕ್ಕ ಹೇಳುವುದು ಪೂರ್ತಿ ಉಲ್ಟಾ. ಒ ಗುಂಪಿನ ಆ ಶೇ. 10ರ ಅನುಕೂಲ ವಯಸ್ಸಿನ ಲೆಕ್ಕದ ಮುಂದೆ ಸಮುದ್ರಕ್ಕೆ ಸುರಿದ ಚೊಂಬು ನೀರು. ಅಜ್ಜಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಸುಳ್ಳು ಧೈರ್ಯ ಜೀವಕ್ಕೆ ಎರವಾಗುವುದು ಹೀಗೆ.

2020ರ ಮೇ–ಜೂನ್‌ನಲ್ಲಿ ಉಡುಪಿ ಜಿಲ್ಲೆ ಕಲಿಸಿದ್ದು

ನಮ್ಮದೇ ಜಿಲ್ಲೆಯ ಅನುಭವ ಇದನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ಲಾಕ್‌ಡೌನ್ ಸಡಿಲವಾದಾಗ ಮುಂಬೈಯಿಂದ ಸಾವಿರಾರು ಜನ ಊರಿಗೆ ಮರಳಿದರು. ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಕುಟುಂಬಗಳಿಗೆ ಮುಂಬೈಯ ಹೋಟೆಲ್, ಕ್ಯಾಂಟೀನು, ಬೇಕರಿಗಳೇ ಅನ್ನ ಕೊಟ್ಟಿದ್ದು. 2020ರ ಜೂನ್ 2ರಂದು ರಾಜ್ಯದಲ್ಲಿ ಪತ್ತೆಯಾದ 388 ಪ್ರಕರಣಗಳಲ್ಲಿ 150 ಉಡುಪಿ ಜಿಲ್ಲೆಯವೇ. ಆ ದಿನಗಳಲ್ಲಿ ಬೆಂಗಳೂರಿಗಿಂತ ನಮ್ಮ ಜಿಲ್ಲೆಯ ಹೆಸರೇ ಮುಂದಿತ್ತು.

ಆ ಏರಿಕೆಗೆ ಕರಾವಳಿಯವರ ರಕ್ತ ಕಾರಣವಾಗಿರಲಿಲ್ಲ. ಮುಂಬೈಯ ಇಕ್ಕಟ್ಟಾದ ಕೋಣೆಗಳು, ಕೆಲಸ ನಿಂತು ಬರಿಗೈಯಾದ ಜನ, ಒಟ್ಟಿಗೆ ಮಾಡಿದ ದೀರ್ಘ ಪ್ರಯಾಣ, ಮತ್ತು ಬಂದವರೆಲ್ಲರನ್ನೂ ಪರೀಕ್ಷೆ ಮಾಡಿದ್ದು ಇವೇ ಆ ಸಂಖ್ಯೆಯನ್ನು ಮಾಡಿದವು. ಪಾಸಿಟಿವ್ ಬಂದವರಲ್ಲಿ ಬಹುಪಾಲು ಜನರಿಗೆ ರೋಗಲಕ್ಷಣವೇ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ವಯಸ್ಸು ಮತ್ತು ಬೇಗ ಪತ್ತೆ ಇವೆರಡೂ ಏನು ಮಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದರೂ ಆಗ ಊರಿನ ಮಾತು ಯಾವ ಕಡೆ ತಿರುಗಿತ್ತು ಎಂಬುದು ನೆನಪಿದೆಯಲ್ಲ? ‘ಮುಂಬೈಯವರು ತಂದದ್ದು.’ ನಿನ್ನೆಯವರೆಗೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬೈ ಸಮಿತಿಯ ಚಂದಾ ಬೇಕಿತ್ತು, ಆ ತಿಂಗಳು ಅದೇ ಜನ ಬೇಡವಾದರು. ವೈರಸ್ಸಿನ ಹೊಣೆಯನ್ನು ಯಾರದ್ದಾದರೂ ದೇಹದ ಮೇಲೆ ಹಾಕಿಬಿಟ್ಟರೆ ವ್ಯವಸ್ಥೆಯ ಪ್ರಶ್ನೆ ಕೇಳಬೇಕಾಗಿಲ್ಲ. ‘ಅವನ ಬ್ಲಡ್ ಗ್ರೂಪೇ ಹಾಗೆ’ ಎನ್ನುವುದೂ ಇದೇ ಮಾತಿನ ಇನ್ನೊಂದು ರೂಪ.

ಸಿಎಸ್‌ಐಆರ್ ಸರ್ವೆ: ಬೇಕಾದ್ದನ್ನು ಮಾತ್ರ ಆರಿಸಿಕೊಂಡ ಕಥೆ

‘ವಿದೇಶದ್ದು ಬಿಡಿ, ನಮ್ಮ ದೇಶದ ಸಂಶೋಧನೆಯೇ ಹೇಳಿದೆಯಲ್ಲ’ ಎನ್ನುವವರಿದ್ದಾರೆ. ಹೌದು. 2021ರ ಜನವರಿಯಲ್ಲಿ ಸಿಎಸ್‌ಐಆರ್ ತನ್ನ ಪ್ರಯೋಗಾಲಯಗಳ ಸಿಬ್ಬಂದಿ ಮತ್ತು ಅವರ ಕುಟುಂಬದವರು ಸೇರಿ 10,427 ಜನರ ಸೆರೋ ಸರ್ವೆಯ ಫಲಿತಾಂಶ ಹೊರಹಾಕಿತು. ಒ ಗುಂಪಿನವರಲ್ಲಿ ಪ್ರತಿಕಾಯ ಕಂಡದ್ದು ಕಡಿಮೆ, ಬಿ ಮತ್ತು ಎಬಿ ಗುಂಪಿನವರಲ್ಲಿ ಹೆಚ್ಚು ಎಂದಿತು. ಚೀನಾ, ಯುರೋಪ್‌ಗಳಲ್ಲಿ ಖಳನಾಯಕ ಎ ಆಗಿದ್ದರೆ, ಇಲ್ಲಿ ಬಿ ಆಯಿತು. ಗುಂಪಿನ ಸಂಬಂಧ ಎಷ್ಟು ಅಲುಗಾಡುವಂಥದ್ದು ಎಂಬುದಕ್ಕೆ ಇದೇ ಸಾಕ್ಷಿ.

ಅದೇ ಸರ್ವೆ ಇನ್ನೂ ಎರಡು ಮಾತು ಹೇಳಿತ್ತು. ಸಸ್ಯಾಹಾರಿಗಳಲ್ಲಿ ಪ್ರತಿಕಾಯ ಕಡಿಮೆ. ಸಿಗರೇಟ್ ಸೇದುವವರಲ್ಲೂ ಕಡಿಮೆ. ಮೊದಲನೆಯದನ್ನು ಕೆಲವರು ಸಂಭ್ರಮದಿಂದ ಹಂಚಿಕೊಂಡರು, ಮೀನು ತಿನ್ನುವ ಕರಾವಳಿಗೂ ಬುದ್ಧಿ ಹೇಳಿದರು. ಎರಡನೆಯದನ್ನು ನಂಬಿ ‘ಬನ್ನಿ, ಸಿಗರೇಟ್ ಸೇದೋಣ’ ಎಂದವರು ಯಾರೂ ಇಲ್ಲ. ಯಾಕೆ? ಅದು ಪರಸ್ಪರ ಸಂಬಂಧ ಅಷ್ಟೇ, ಕಾರಣ ಅಲ್ಲ ಎಂಬುದು ಸಿಗರೇಟಿನ ವಿಷಯದಲ್ಲಿ ಎಲ್ಲರಿಗೂ ತಟ್ಟನೆ ಹೊಳೆಯುತ್ತದೆ. ಊಟ ಮತ್ತು ರಕ್ತದ ವಿಷಯಕ್ಕೆ ಬಂದಾಗ ಅದೇ ಎಚ್ಚರ ಮಾಯವಾಗುತ್ತದೆ. ಸರ್ವೆ ಅಳೆದದ್ದೂ ಯಾರಿಗೆ ಸೋಂಕು ತಗಲಿತ್ತು ಎಂಬುದನ್ನು. ಯಾರಿಗೆ ಕಾಯಿಲೆ ಜೋರಾಯಿತು ಎಂಬುದನ್ನಲ್ಲ.

ಡೆಂಗಿಗೆ ನಿಮ್ಮ ಹಳೆಯ ಜ್ವರ ಮುಖ್ಯ

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆಯ ಸೋಂಕಾಗಿ ವಾಸಿಯಾದವರಿಗೆ ಮುಂದೆ ಇನ್ನೊಂದು ಬಗೆಯದ್ದು ತಗಲಿದರೆ ಕಾಯಿಲೆ ಗಂಭೀರವಾಗುವ ಅಪಾಯ ಹೆಚ್ಚು. ಮೊದಲ ಸಲದ ಪ್ರತಿಕಾಯಗಳು ಎರಡನೇ ವೈರಸ್ಸನ್ನು ಕೊಲ್ಲಲಾಗದೆ, ಅದು ಜೀವಕೋಶದೊಳಗೆ ಹೋಗಲು ಸಹಾಯ ಮಾಡಿಬಿಡುತ್ತವೆ. ಥಾಯ್ಲೆಂಡಿನ ಒಂದು ಅಧ್ಯಯನದಲ್ಲಿ ಎರಡನೇ ಸೋಂಕಾದ ಎಬಿ ಗುಂಪಿನವರಲ್ಲಿ ಗಂಭೀರತೆ ಹೆಚ್ಚು ಕಂಡಿತ್ತು. ಬೇರೆ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ‘ಎರಡನೇ ಸೋಂಕು’ ಎಂಬುದು ಮಾತ್ರ ಮತ್ತೆ ಮತ್ತೆ ಸಾಬೀತಾಗಿದೆ.

ಹಾಗಾಗಿ ಜ್ವರ ಬಂದಾಗ ಕೇಳಬೇಕಾದ್ದು ‘ನಿನ್ನದು ಯಾವ ಗ್ರೂಪ್?’ ಅಂತಲ್ಲ, ‘ಹಿಂದೆ ಡೆಂಗಿ ಆಗಿತ್ತಾ?’ ಅಂತ. ಜ್ವರ ಇಳಿದ ಕೂಡಲೇ ನಿರಾಳ ಆಗುವ ಹಾಗಿಲ್ಲ, ಅಪಾಯದ ಘಟ್ಟ ಶುರುವಾಗುವುದೇ ಸಾಮಾನ್ಯವಾಗಿ ಆಗ. ಜೋರಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು.

ಮಂಗನ ಕಾಯಿಲೆಗೆ ಕಾಡಿನ ದಾರಿ ಮುಖ್ಯ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಡೆಂಗಿಯ ದೂರದ ದಾಯಾದಿ. ಹರಡುವುದು ಉಣುಗುಗಳಿಂದ. ಸೋಂಕಿತರಲ್ಲಿ ಸಾವಿನ ಪ್ರಮಾಣ ಶೇ. 3ರಿಂದ 5. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಯಿಲೆ ಸ್ಫೋಟಗೊಂಡಾಗ ರೋಗಿಗಳು ಘಟ್ಟ ಇಳಿದು ಬಂದದ್ದು ಮಣಿಪಾಲಕ್ಕೆ. ಅದೇ ಹೊತ್ತಿಗೆ ಉಡುಪಿ ಜಿಲ್ಲೆಯಲ್ಲಿ ಸತ್ತ ಮಂಗಗಳಲ್ಲೂ ವೈರಸ್ ಸಿಕ್ಕಿತು. ಘಟ್ಟದ ಬುಡದ ಊರುಗಳಿಗೆ ಇದು ಬೇರೆ ಜಿಲ್ಲೆಯ ಸುದ್ದಿಯಾಗಿ ಉಳಿಯಲಿಲ್ಲ.

ಇದು ಯಾರಿಗೆ ಬರುತ್ತದೆ? ಸೊಪ್ಪು, ದರಗು, ಸೌದೆಗೆ ಕಾಡಿಗೆ ಹೋಗುವವರಿಗೆ, ಕಾಡಿನಂಚಿನ ತೋಟದಲ್ಲಿ ಕೆಲಸ ಮಾಡುವವರಿಗೆ, ದನ ಮೇಯಿಸುವವರಿಗೆ. ಅಂದರೆ ಬಹುಪಾಲು ಬಡವರಿಗೆ. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ಹಳೆಯ ಲಸಿಕೆಯ ಶಕ್ತಿ ಕುಂದಿದೆ ಎಂದು ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹೊಸದನ್ನು ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಅಭಿವೃದ್ಧಿಪಡಿಸಲು ಹೊರಟಿವೆ. ಆರು ದಶಕ ದಾಟಿದ ಕಾಯಿಲೆಗೆ ಇವತ್ತಿಗೂ ಮುಖ್ಯ ರಕ್ಷಣೆ ಮೈಗೆ ಹಚ್ಚುವ ಉಣುಗು ನಿರೋಧಕ ಎಣ್ಣೆ. ಇಂಥಲ್ಲಿ ರಕ್ತದ ಗುಂಪಿನ ಚರ್ಚೆ ಸರಕಾರಕ್ಕೆ ಆರಾಮ ಕೊಡುವ ಚರ್ಚೆ.

ಹಾಗಾದರೆ ಗುಂಪು ಗಂಭೀರತೆಯನ್ನು ಬದಲಿಸುವುದೇ ಇಲ್ಲವೇ?

ಬದಲಿಸುವ ಒಂದು ಗಟ್ಟಿ ಉದಾಹರಣೆ ಇದೆ, ಆದರೆ ಅದು ವೈರಸ್ ಅಲ್ಲ. ಫಾಲ್ಸಿಪಾರಂ ಮಲೇರಿಯಾದಲ್ಲಿ ಸೋಂಕಿತ ಕೆಂಪು ಕಣಗಳು ಬೇರೆ ಕಣಗಳಿಗೆ ಅಂಟಿಕೊಂಡು ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕುತ್ತವೆ. ಅಂಟಿಕೊಳ್ಳಲು ಎ, ಬಿ ಸಕ್ಕರೆಗಳು ಸಹಾಯ ಮಾಡುತ್ತವೆ. ಒ ಗುಂಪಿನಲ್ಲಿ ಆ ಹಿಡಿತ ಸಡಿಲ. 2007ರಲ್ಲಿ ಪ್ರಕಟವಾದ ಆಫ್ರಿಕಾದ ಮಾಲಿ ದೇಶದ ಮಕ್ಕಳ ಅಧ್ಯಯನದಲ್ಲಿ ಒ ಗುಂಪಿನವರಿಗೆ ತೀವ್ರ ಮಲೇರಿಯಾದ ಅಪಾಯ ಶೇ. 66 ಕಡಿಮೆ ಇತ್ತು. ಕಾರಣ ಗೊತ್ತು, ಪರಿಣಾಮ ದೊಡ್ಡದು. ಕೋವಿಡ್, ಡೆಂಗಿಯ ಚಾರ್ಟುಗಳನ್ನು ಇದರ ಪಕ್ಕ ಇಟ್ಟರೆ ಅವು ಎಷ್ಟು ತೆಳು ಎಂಬುದು ಕಾಣುತ್ತದೆ. ಹಾಗಂತ ಒ ಗುಂಪಿನವರು ಸೊಳ್ಳೆಪರದೆ ಬಿಡಬಹುದು ಅಂತ ಯಾವ ವೈದ್ಯರೂ ಹೇಳುವುದಿಲ್ಲ.

ಇನ್ನು, ‘ಒ’ ಎಂದು ಬರೆದುಕೊಂಡವರೆಲ್ಲ ಒ ಆಗಿರಬೇಕೆಂದೂ ಇಲ್ಲ. 1952ರಲ್ಲಿ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಬಾಂಬೆಯಲ್ಲಿ ಒಂದು ಹೊಸ ಗುಂಪು ಕಂಡುಹಿಡಿದರು. ಇವರ ಬೋಟಿನಲ್ಲಿ ಬಾವುಟವೂ ಇಲ್ಲ, ‘ಎಚ್’ ಕಂಬವೂ ಇಲ್ಲ. ಅದೇ ‘ಬಾಂಬೆ ಗುಂಪು’. ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರು ಎಂಬ ಅಂದಾಜಿದೆ. ಮಾಮೂಲಿ ಪರೀಕ್ಷೆಯಲ್ಲಿ ಇವರು ಒ ಥರವೇ ಕಾಣುತ್ತಾರೆ. ಆದರೆ ಇವರಿಗೆ ಒ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ, ಬಾಂಬೆ ಗುಂಪಿನದ್ದೇ ಬೇಕು. ಭಾರತದ ಬಾಂಬೆ ಗುಂಪಿನವರಲ್ಲಿ ಸಾಮಾನ್ಯವಾಗಿ ಮೇಲೆ ಹೇಳಿದ ‘ಫಟ್2’ ಜೀನೂ ಇರುವುದಿಲ್ಲ. ಅಂದರೆ ನೊರೊವೈರಸ್ ಹಿಡಿದುಕೊಳ್ಳುವ ಆ ಹಿಡಿಯೂ ಇಲ್ಲ. ಒಂದು ಕಡೆ ಪ್ರಕೃತಿ ಕೊಟ್ಟ ಸಣ್ಣ ರಕ್ಷಣೆ, ಇನ್ನೊಂದು ಕಡೆ ರಕ್ತ ಬೇಕಾದಾಗ ದೇಶವೆಲ್ಲ ಹುಡುಕುವ ಪರಿಸ್ಥಿತಿ. ಯಾವ ಗುಂಪೂ ಶ್ರೇಷ್ಠವಲ್ಲ, ಯಾವುದೂ ಕನಿಷ್ಠವಲ್ಲ.

ಮುಂದಿನ ಚಾರ್ಟ್ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

ಒಂದು: ಇದು ಸೋಂಕು ತಗಲುವ ಲೆಕ್ಕವೋ, ಗಂಭೀರವಾಗುವ ಲೆಕ್ಕವೋ?

ಎರಡು: ಯಾರನ್ನು ಯಾರಿಗೆ ಹೋಲಿಸಿದ್ದಾರೆ? ನಮ್ಮ ದೇಶದಲ್ಲಿ ಒ ಮತ್ತು ಬಿ ಗುಂಪಿನವರೇ ಜಾಸ್ತಿ. ಹಾಗಾಗಿ ವಾರ್ಡಿನಲ್ಲೂ ಅವರೇ ಜಾಸ್ತಿ ಇರುತ್ತಾರೆ. ‘ವಾರ್ಡ್ ತುಂಬಾ ಒ ಪಾಸಿಟಿವ್’ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ.

ಮೂರು: ಎಷ್ಟು ಜನರ ಅಧ್ಯಯನ, ಬೇರೆ ಕಡೆಯೂ ಹಾಗೇ ಕಂಡಿದೆಯಾ?

ನಾಲ್ಕು: ಇದನ್ನು ತಿಳಿದು ನಾನು ಬೇರೆ ಏನಾದರೂ ಮಾಡಬೇಕಾ? ಲಸಿಕೆ, ಚಿಕಿತ್ಸೆ, ಔಷಧದ ಪ್ರಮಾಣ ಯಾವುದನ್ನೂ ವೈದ್ಯರು ನಿಮ್ಮ ಎಬಿಒ ಗುಂಪು ನೋಡಿ ಬದಲಿಸುವುದಿಲ್ಲ. ಅವರೇ ಬದಲಿಸದಿದ್ದಾಗ ನಾವ್ಯಾಕೆ ಮಾಸ್ಕ್ ಬಿಡಬೇಕು?

ಐದನೆಯ ಪ್ರಶ್ನೆಯೊಂದಿದೆ, ಅದು ನಮ್ಮನ್ನು ಆಳುವವರಿಗೆ. ಬ್ರಹ್ಮಾವರ ಮತ್ತು ಬೈಂದೂರು ತಾಲೂಕುಗಳಾದದ್ದು 2018ರಲ್ಲಿ. ಉಸಿರಾಟ ಕಷ್ಟವಾದ ರೋಗಿಗೆ ಬ್ರಹ್ಮಾವರದಿಂದ ಮಣಿಪಾಲ ಸುಮಾರು 15 ಕಿ.ಮೀ. ಬೈಂದೂರಿನಿಂದ ಸುಮಾರು 70 ಕಿ.ಮೀ. ಕಾಡಿನಂಚಿನ ಮನೆಯಿಂದಾದರೆ ಹೆದ್ದಾರಿ ಸೇರುವುದೇ ಒಂದು ಪ್ರಯಾಣ. ಒಂದೇ ವಯಸ್ಸಿನ, ಒಂದೇ ರಕ್ತದ ಗುಂಪಿನ, ಒಂದೇ ಕಾಯಿಲೆಯ ಇಬ್ಬರಲ್ಲಿ ಯಾರು ಮೊದಲು ಆಮ್ಲಜನಕ ಪಡೆಯುತ್ತಾರೆ ಎಂಬುದನ್ನು ಈ ಅಂತರ ಹೇಳುತ್ತದೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರಿದ್ದಾರಾ, ಡೆಂಗಿ ಪರೀಕ್ಷೆಯ ವರದಿ ಎಷ್ಟು ಹೊತ್ತಿಗೆ ಬರುತ್ತದೆ, 108 ಎಷ್ಟು ನಿಮಿಷಕ್ಕೆ ತಲುಪುತ್ತದೆ, ಉಣುಗಿನ ಎಣ್ಣೆ ಡಿಸೆಂಬರ್‌ಗೆ ಮೊದಲೇ ಮನೆಗೆ ಬಂತಾ. ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಇವನ್ನು.

ನಿಮ್ಮ ರಕ್ತದ ಗುಂಪನ್ನು ಮರೆಯಬೇಡಿ. ಅದಕ್ಕೆ ಒಂದು ಒಳ್ಳೆಯ ಉಪಯೋಗ ಇದೆ, ಅದನ್ನು ಈ ಮೂರು ತಾಲೂಕಿನ ಯುವಕ ಯುವತಿಯರು ವರ್ಷಗಳಿಂದ ಮಾಡುತ್ತಲೇ ಬಂದಿದ್ದಾರೆ. ಮಳೆಗಾಲದಲ್ಲಿ ರಕ್ತನಿಧಿಯಿಂದ ಫೋನ್ ಬಂದರೆ ಹೋಗಿ ಕೊಟ್ಟು ಬನ್ನಿ. ಯಾರ ಜಾತಿ, ಯಾರ ಪಕ್ಷ, ಯಾರ ಊರು ಅಂತ ಕೇಳದೆ ಒಬ್ಬರಿಂದ ಒಬ್ಬರಿಗೆ ಹೋಗುವ ವಸ್ತು ಅದು.